ದೂರು ಕೇಳುವ ಕಲೆ

ಮೈದಾನದಲ್ಲಿ ಜಗಳ ಹತ್ತಿಕೊಂಡಿತೆಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಜಗಳಗಂಟ ಎಂದುಕೊಳ್ಳಬೇಡಿ. ಆಟಗಾರರ ಕೂಗಾಟದಲ್ಲಿ ನನಗೆ ಅಂಥ ರುಚಿಯೇನಿಲ್ಲ, ಅದು ಎಲ್ಲ ಊರಲ್ಲೂ ಒಂದೇ ಥರ. ನಾನು ಕಾಯುವುದು ಅದರ ನಂತರದ ಅರೆನಿಮಿಷಕ್ಕೆ. ಹತ್ತು ಜನ ಸುತ್ತುಗಟ್ಟಿ ಒಟ್ಟಿಗೇ ನ್ಯಾಯ ಹೇಳುತ್ತಿರುವಾಗ, ನಡುವೆ ನಿಂತ ಒಬ್ಬರು ಟೋಪಿಯನ್ನು ತುಸು ಹಿಂದಕ್ಕೆ ಸರಿಸಿ, ಎಲ್ಲರ ಉಸಿರೂ ಮುಗಿಯಲಿ ಎಂದು ಬಿಟ್ಟು, ಆಮೇಲೆ ಒಂದೇ ಒಂದು ಮಾತು ಆಡುತ್ತಾರಲ್ಲ, ಆ ಮಾತಿಗೆ. ಅಂಪೈರಿಂಗ್ ಬಲ್ಲವರ ಬಾಯಿಂದ ಬರುವ ಆ ಮಾತು ಅಳೆದು ತೂಗಿದ್ದು, ನುಣುಪಾದದ್ದು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಒಳ್ಳೆಯ ಕವರ್ ಡ್ರೈವಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ಇದಕ್ಕೆ ತಟ್ಟುವವರು ಯಾರೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಲುಂಡಿನಲ್ಲಿರುವವನಿಗೆ ಈ ಸವಿಗೆ ಬರವಿಲ್ಲ. ಮುಂಬಯಿ ಇಲ್ಲಿಗೆ ಮುಗಿಯಿತು, ಚೆಕ್‌ನಾಕಾ ದಾಟಿದರೆ ಠಾಣೆ. ಪಶ್ಚಿಮಕ್ಕೆ ರಾಷ್ಟ್ರೀಯ ಉದ್ಯಾನದ ಗುಡ್ಡಗಳು, ಊರ ನಡುವೆ ಸೆಂಟ್ರಲ್ ರೈಲಿನ ಹಳಿ, ಹಳಿಯ ಆಚೆಗೊಂದು ಈಚೆಗೊಂದು ಮುಲುಂಡ್. ಎರಡು ಕಡೆಯೂ ಭಾನುವಾರ ಬೆಳಗಾದರೆ ಸಾಕು, ಖಾಲಿ ಜಾಗ ಕಂಡಲ್ಲೆಲ್ಲ ಸ್ಟಂಪು ನೆಟ್ಟಿರುತ್ತಾರೆ. ದಕ್ಷಿಣ ಮುಂಬಯಿಯ ಆಜಾದ್ ಮೈದಾನದಲ್ಲಿ 22 ಪಿಚ್‌ಗಳಿವೆ ಎಂಬುದು ಪ್ರಸಿದ್ಧ ಸಂಗತಿ. ಅಲ್ಲಿ ಒಂದು ಪಂದ್ಯದ ಕವರ್ ಫೀಲ್ಡರ್ ಇನ್ನೊಂದು ಪಂದ್ಯದ ಸ್ಲಿಪ್ಪಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಉಪನಗರದ ಮೈದಾನಗಳೂ ಅದರ ಮರಿಗಳೇ. ಇಂಥ ಇಕ್ಕಟ್ಟಿನಲ್ಲಿ ಆಟ ಕೆಡದೆ ನಡೆಯುವುದೆಂದರೆ ಅದು ಅಂಪೈರ್ ಎಂಬ ಮನುಷ್ಯನ ಪುಣ್ಯ.

ದೂರುಗಳ ಮೂಲ ಹುಡುಕಿಕೊಂಡು ಹೋದರೆ ಮೈದಾನಕ್ಕಿಂತ ಮೊದಲು ಸೊಸೈಟಿಯ ಅಂಗಳ ಸಿಗುತ್ತದೆ. ಮುಂಬಯಿಯ ಮಗು ಕ್ರಿಕೆಟ್ ಕಲಿಯುವುದು ಎರಡು ಕಟ್ಟಡಗಳ ನಡುವೆ, ಪಾರ್ಕಿಂಗಿನ ಸಂದಿಯಲ್ಲಿ, ಅದೂ ಅಂಡರ್‌ಆರ್ಮ್. ಅಲ್ಲಿಯ ಕಾನೂನೇ ಬೇರೆ. ಒನ್ ಟಿಪ್ ಒನ್ ಹ್ಯಾಂಡ್ ಔಟ್. ಮೊದಲ ಮಹಡಿಯ ಕಿಟಕಿಗೆ ಬಡಿದರೆ ಔಟ್, ಜೊತೆಗೆ ಬೈಗುಳ. ಗೇಟಿನ ಆಚೆ ಹೋದರೆ ಔಟ್, ಚೆಂಡು ತರುವವನು ಹೊಡೆದವನೇ. ಮೊದಲನೆಯದು ಟ್ರೈ ಬಾಲ್, ಎಲ್‌ಬಿ ಇಲ್ಲವೇ ಇಲ್ಲ. ಎಂಥ ಅಚ್ಚುಕಟ್ಟಾದ ಸಂಹಿತೆ ನೋಡಿ! ಬರೆದಿಟ್ಟವರಿಲ್ಲ, ತಿದ್ದುಪಡಿ ಸಮಿತಿಯಿಲ್ಲ, ಆದರೂ ಬೊರಿವಲಿಯಿಂದ ಡೊಂಬಿವಲಿಯವರೆಗೆ ಹೆಚ್ಚೂಕಡಿಮೆ ಒಂದೇ. ಈ ಶಾಸ್ತ್ರವನ್ನು ಅರೆದು ಕುಡಿದ ಹುಡುಗ ಹದಿಮೂರನೇ ವಯಸ್ಸಿಗೆ ಮೈದಾನಕ್ಕೆ ಬಂದು, ಎಂ.ಸಿ.ಸಿ.ಯ 42 ಕಾನೂನುಗಳ ಎದುರು ನಿಂತಾಗ ಘರ್ಷಣೆ ಆಗದೆ ಇನ್ನೇನಾದೀತು? ಅವನು ಸುಳ್ಳು ಹೇಳುತ್ತಿಲ್ಲ. ಅವನ ರಾಜ್ಯದ ಕಾನೂನು ಅದು, ಅಷ್ಟೆ.

ನಾನು ಮೆಚ್ಚಿದ ಅಂಪೈರ್ ಒಬ್ಬರಿದ್ದಾರೆ. ಧಾರವಾಡ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಮುಲುಂಡ್ ಪೂರ್ವದಲ್ಲಿ ಮನೆ. ಹುಡುಗರಿಗೆಲ್ಲ ಕಾಕಾ. ಮರಾಠಿಯವರಿಗೂ ಕಾಕಾ, ನಮ್ಮವರಿಗೂ ಕಾಕಾ, ಎರಡು ಕಡೆಗೂ ಸಲ್ಲುವ ಸಂಬಂಧ. ಒಂದು ಭಾನುವಾರ ನಮ್ಮ ಕನ್ನಡದವರ ಮನೆಯ ಹುಡುಗನೊಬ್ಬ ಪುಲ್ ಮಾಡಲು ಹೋದ, ಚೆಂಡು ಮೇಲೆದ್ದು ಕೀಪರನ ಕೈಸೇರಿತು. ಕಾಕಾ ಬೆರಳೆತ್ತಿದರು. ಹುಡುಗ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೀದಾ ಅವರ ಮುಂದೆ ಬಂದು ನಿಂತ.

“ಕಾಕಾ, ಬ್ಯಾಟಿಗೆ ಬಡದೇ ಇಲ್ರಿ. ಕೈಗೆ ಬಡೀತು.”

“ಯಾವ ಕೈಗಪ್ಪಾ?”

“ಬಲಗೈಗ್ರಿ. ನೋಡ್ರಿ, ಕೆಂಪಾಗೇತಿ.”

“ಹೌದಲ್ಲ, ಪಾಪ. ಆ ಕೈಯಾಗ ಏನ್ ಇತ್ತು?”

“ಬ್ಯಾಟ್ ಇತ್ರಿ.”

“ಬಿಟ್ಟಿದ್ದೇನು?”

“ಇಲ್ರಿ, ಗಟ್ಟಿ ಹಿಡದಿದ್ದೆ.”

“ಹಂಗಾರ ಆ ಕೈನೂ ಬ್ಯಾಟೇ ಅಪ್ಪಾ. ಹೋಗಿ ನೀರು ಕುಡಿ.”

ಇದನ್ನು ಇನ್ನೊಮ್ಮೆ ಓದಿ ನೋಡಿ. ಕಾಕಾ ಒಂದು ಕಡೆಯೂ ಹುಡುಗನ ಮಾತನ್ನು ಅಲ್ಲಗಳೆಯಲಿಲ್ಲ. ಕೈಗೆ ಬಡಿದದ್ದು ನಿಜ, ಕೆಂಪಾದದ್ದೂ ನಿಜ, ಕನಿಕರವೂ ನಿಜ. ಹುಡುಗನ ಸಾಕ್ಷ್ಯದಿಂದಲೇ ಹುಡುಗನಿಗೆ ತೀರ್ಪು! ಐದನೇ ಕಾನೂನು ಹೇಳುವುದೂ ಅಷ್ಟೇ: ಬ್ಯಾಟ್ ಹಿಡಿದ ಕೈ, ಆ ಕೈಗೆ ಗ್ಲೌಸ್ ಇದ್ದರೆ ಇಡೀ ಗ್ಲೌಸ್, ಎರಡೂ ಬ್ಯಾಟಿನ ಲೆಕ್ಕಕ್ಕೆ. ಕೈ ಬ್ಯಾಟಿನಿಂದ ಬಿಟ್ಟಿತೋ, ಆ ಕ್ಷಣದಿಂದ ಅದು ಬರಿಯ ಕೈ. 2005ರ ಆಗಸ್ಟಿನಲ್ಲಿ ಎಜ್‌ಬಾಸ್ಟನ್ ಟೆಸ್ಟಿನ ಕೊನೆಯ ವಿಕೆಟ್ ನೆನಪಿದೆಯೇ? ಆಸ್ಟ್ರೇಲಿಯಕ್ಕೆ ಇನ್ನು ಮೂರೇ ರನ್ನು ಬೇಕಿತ್ತು. ಹಾರ್ಮಿಸನ್ ಎಸೆತ ಕ್ಯಾಸ್ಪ್ರೊವಿಚ್‌ನ ಗ್ಲೌಸಿಗೆ ತಾಗಿ ಕೀಪರ್ ಗೆರೈಂಟ್ ಜೋನ್ಸ್ ಕೈಗೆ ಹೋಯಿತು, ಬಿಲ್ಲಿ ಬೌಡನ್ ಬೆರಳೆತ್ತಿದರು, ಇಂಗ್ಲೆಂಡ್ ಎರಡು ರನ್ನಿನಿಂದ ಗೆದ್ದಿತು. ಆ ಗ್ಲೌಸು ಆಗ ಬ್ಯಾಟನ್ನು ಬಿಟ್ಟಿತ್ತೆಂದು ನಿಧಾನಗತಿಯ ಚಿತ್ರ ಆಮೇಲೆ ತೋರಿಸಿತು. ಒಂದು ಸರಣಿಯ ಹಣೆಬರಹ ಒಂದು ಅಂಗುಲದ ಸಂದಿಯಲ್ಲಿ ಕೂತಿತ್ತು. ಬರಿಗಣ್ಣಿಗೆ ಅದು ಕಾಣಲಿಲ್ಲವೆಂದು ಬೌಡನ್‌ನನ್ನು ದೂರಲು ನನಗಂತೂ ಮನಸ್ಸು ಬಾರದು. ಕಾನೂನನ್ನು ಅಷ್ಟು ಸೂಕ್ಷ್ಮವಾಗಿ ಬರೆದಿಟ್ಟವರ ಕುಶಲತೆಗೆ ಮಾತ್ರ ತಲೆದೂಗುತ್ತೇನೆ.

ಈಗ ಇದೇ ಕೈಯನ್ನು ಬೇಸ್‌ಬಾಲ್ ಅಥವಾ ಸಾಫ್ಟ್‌ಬಾಲ್ ಅಂಗಳಕ್ಕೆ ತೆಗೆದುಕೊಂಡು ಹೋಗಿ. ಕಾನೂನು ಅಂಗಾತ ಮಲಗುತ್ತದೆ. ಅಲ್ಲಿ ಕೈ ಎಂದರೆ ಕೈಯೇ. ಬ್ಯಾಟ್ ಹಿಡಿದಿದ್ದರೂ ಅದು ದೇಹದ ಭಾಗ, ಬ್ಯಾಟಿನದಲ್ಲ. ಅಮೆರಿಕದ ಆಟಗಾರರಲ್ಲೇ ‘ಕೈ ಬ್ಯಾಟಿನ ಭಾಗ’ ಎಂಬ ತಪ್ಪು ನಂಬಿಕೆ ತಲೆತಲಾಂತರದಿಂದ ಬಂದಿದೆ, ಅದನ್ನು ಕಿತ್ತು ಹಾಕಿ ಹಾಕಿ ಅಲ್ಲಿಯ ಅಂಪೈರುಗಳು ಹಣ್ಣಾಗಿದ್ದಾರೆ. ಕ್ರಿಕೆಟ್ ಉಸಿರಾಡಿ ಬೆಳೆದ ನಮ್ಮ ಮಕ್ಕಳಿಗಂತೂ ಈ ನಂಬಿಕೆಗೆ ಕಾನೂನಿನ ಆಧಾರವೇ ಇದೆ! ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಸಾಫ್ಟ್‌ಬಾಲ್ ಬಹಳ ಕಾಲದಿಂದ ಇದೆ, ಮಹಾರಾಷ್ಟ್ರದ ಹುಡುಗಿಯರು ಅದರಲ್ಲಿ ಗಟ್ಟಿಗಿತ್ತಿಯರು. ಚೆಂಡನ್ನು ಕೆಳಗಿನಿಂದ ಬೀಸಿ ಎಸೆಯುವ ಆಟವಾದ್ದರಿಂದ ಅಂಡರ್‌ಆರ್ಮಿನಲ್ಲಿ ಪಳಗಿದ ಮುಂಬಯಿ ಕಣ್ಣಿಗೆ ಅದು ಬೇಗ ಒಗ್ಗುತ್ತದೆ. ಒಗ್ಗದಿರುವುದು ಕಾನೂನು.

ಶಾಲೆಯ ಮೈದಾನವೊಂದರಲ್ಲಿ ಅಂಥ ಪಂದ್ಯ ನೋಡುತ್ತಿದ್ದೆ. ಅಂಪೈರ್ ಒಬ್ಬ ತರುಣಿ. ನೀಲಿ ಅಂಗಿ, ಎದೆಗೆ ರಕ್ಷಾಕವಚ, ಮುಖಕ್ಕೆ ಜಾಲರಿ, ಸೊಂಟಕ್ಕೆ ಚೆಂಡಿನ ಚೀಲ, ಎಡಗೈಯಲ್ಲಿ ಎಣಿಕೆಯ ಪುಟ್ಟ ಯಂತ್ರ. ಅದರ ಗಾಲಿಗಳನ್ನು ಹೆಬ್ಬೆರಳಿನಿಂದ ನೋಡದೆಯೇ ತಿರುಗಿಸುತ್ತಿದ್ದಳು. ಇನ್ನಿಂಗ್ಸಿನ ನಡುವೆ ಹೋಮ್ ಪ್ಲೇಟಿನ ಮೇಲೆ ಧೂಳು ಕೂತಿತು. ಪಿಚರ್ ಕಡೆಗೆ ಬೆನ್ನು ಮಾಡಿ, ಪ್ರೇಕ್ಷಕರ ಕಡೆಗೆ ಮುಖ ಇಟ್ಟು ಬಾಗಿದಳು. ಬೇಸ್‌ಬಾಲಿನಲ್ಲಿ ಹಿಂದಿನಿಂದ ಬಂದ ಮರ್ಯಾದೆ ಅದು, ನೋಡಲು ಬಂದವರಿಗೆ ಬೆನ್ನು ತೋರಿಸಬಾರದು. ಜೇಬಿನಿಂದ ಅಂಗೈಯಗಲದ ಬ್ರಷ್ ತೆಗೆದು, ಐದು ಮೂಲೆಯ ಆ ಬಿಳಿ ಹಲಗೆಯನ್ನು ಅಂಚಿನಿಂದ ಅಂಚಿಗೆ, ಅವಸರವಿಲ್ಲದೆ, ಗುಡಿಸಿದಳು. ಹದಿನೇಳು ಅಂಗುಲ ಅಗಲ. ಅಷ್ಟಗಲದ ಮೇಲಿನ ಗಾಳಿಯಲ್ಲಿಯೇ ಆ ಆಟದ ಮುಕ್ಕಾಲು ಪಾಲು ತಕರಾರು ಹುಟ್ಟುವುದು. ಕೆಂಪು ಧೂಳಿನಿಂದ ಆ ಬಿಳುಪು ಮೆಲ್ಲನೆ ಮೇಲೆದ್ದು ಬರುವುದನ್ನು ನೋಡುತ್ತಾ ಕೂರುವುದಿದೆಯಲ್ಲ, ಅದಕ್ಕಾಗಿ ನಾನು ಒಂದು ಇನ್ನಿಂಗ್ಸನ್ನು ಬಿಟ್ಟುಕೊಡಲೂ ಸಿದ್ಧ.

ಮರು ಎಸೆತ ಒಳಕ್ಕೆ ನುಗ್ಗಿ ಬ್ಯಾಟರ್ ಹುಡುಗಿಯ ಬೆರಳಿಗೆ ಬಡಿಯಿತು. ಬೆಂಚಿನಿಂದ ‘ಫೌಲ್! ಫೌಲ್!’ ಎಂದು ಒಬ್ಬರು, ‘ಬೇಸ್ ಕೊಡಿ, ಚೆಂಡು ಮೈಗೆ ತಾಗಿದೆ’ ಎಂದು ಇನ್ನೊಬ್ಬರು, ಒಂದೇ ತಂಡದವರೇ. ತರುಣಿ ಎರಡೂ ಕೈ ಮೇಲೆತ್ತಿ ಚೆಂಡು ಸತ್ತಿತೆಂದು ಮೊದಲು ಸಾರಿದಳು. ಹುಡುಗಿಯ ಬೆರಳನ್ನು ಮಡಚಿಸಿ ಬಿಡಿಸಿ ನೋಡಿದಳು. ಆಮೇಲೆ ಸ್ಟ್ರೈಕ್ ಎಂದಳು. ಕೋಚ್ ಓಡಿಬಂದರು. ಅವರಿಗೆ ಸಿಕ್ಕ ಉತ್ತರ ಇಷ್ಟು: “ಬೀಸಿದಳು ಸರ್. ಬೀಸದೆ ಇದ್ದಿದ್ದರೆ ಬೇಸ್ ಕೊಡ್ತಿದ್ದೆ. ಕೈ ಬ್ಯಾಟಲ್ಲ.” ಕೋಚ್ ಬಾಯಿ ತೆರೆದರು, ಮುಚ್ಚಿದರು. ಎರಡು ಬೇರೆ ಬೇರೆ ತಪ್ಪು ತಿಳುವಳಿಕೆಗಳಿಗೆ ಮೂರು ಪುಟ್ಟ ವಾಕ್ಯಗಳಲ್ಲಿ ಉತ್ತರ! ಕಾಕಾ ಹೇಳಿದ್ದಕ್ಕೆ ಇದು ತದ್ವಿರುದ್ಧ, ಆದರೂ ಎರಡೂ ಸರಿ, ಎರಡರ ಘಮವೂ ಒಂದೇ.

ಅದೇ ಪಂದ್ಯದಲ್ಲಿ ಇನ್ನೊಂದು. ಟಿ.ವಿ.ಯಲ್ಲಿ ಬೇಸ್‌ಬಾಲ್ ನೋಡಿ ಬಂದಿದ್ದ ಓಟಗಾರ್ತಿಯೊಬ್ಬಳು ಪಿಚರ್ ಕೈಯಿಂದ ಚೆಂಡು ಬಿಡುವ ಮೊದಲೇ ಬೇಸ್ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿದ್ದಳು. ಬೇಸ್‌ಬಾಲಿನಲ್ಲಿ ಅದು ಜಾಣತನ, ಈ ಸಾಫ್ಟ್‌ಬಾಲಿನಲ್ಲಿ ಅದು ಔಟ್. ಇಲ್ಲಿ ಬೇಸಿನಿಂದ ಬೇಸಿಗೆ 60 ಅಡಿ, ಅಲ್ಲಿ 90. ಅಂಗಳ ಚಿಕ್ಕದಾದಾಗ ನಾಲ್ಕು ಹೆಜ್ಜೆಗೆ ಬೆಲೆ ಎಷ್ಟು ಏರುತ್ತದೆಂದು ಕಾನೂನು ಬರೆದವರು ಲೆಕ್ಕ ಹಾಕಿದ್ದಾರೆ.

ಬೇಸ್‌ಬಾಲಿನ ಕಾನೂನುಗಳಲ್ಲಿ ನನಗೆ ಅತ್ಯಂತ ರುಚಿಸುವುದು ಇನ್‌ಫೀಲ್ಡ್ ಫ್ಲೈ. ಸಾವಕಾಶವಾಗಿ ಹೇಳುತ್ತೇನೆ. ಒಂದನೇ ಮತ್ತು ಎರಡನೇ ಬೇಸಿನಲ್ಲಿ ಓಟಗಾರರಿದ್ದಾರೆ, ಅಥವಾ ಮೂರೂ ಬೇಸು ತುಂಬಿವೆ. ಇನ್ನೂ ಇಬ್ಬರು ಔಟಾಗಿಲ್ಲ. ಬ್ಯಾಟರ್ ಹೊಡೆದ ಚೆಂಡು ಸುಮ್ಮನೆ ಆಕಾಶಕ್ಕೆ ಹೋಗಿದೆ, ಕೆಳಗೆ ಫೀಲ್ಡರ್ ಕಾಯುತ್ತಿದ್ದಾನೆ. ಹಿಡಿದರೆ ಒಬ್ಬ ಔಟ್. ಆದರೆ ಅವನು ಕಿಲಾಡಿಯಾಗಿದ್ದರೆ ಬೇಕೆಂದೇ ಚೆಂಡನ್ನು ಬಿಟ್ಟು, ಎತ್ತಿ ಎಸೆದು, ಬೇಸಿಗೆ ಅಂಟಿಕೊಂಡು ನಿಂತಿದ್ದ ಇಬ್ಬರನ್ನು ಔಟ್ ಮಾಡಿಯಾನು. ಕ್ಯಾಚ್ ಬಿಟ್ಟವನಿಗೆ ಲಾಭ! ಈ ಕುಯುಕ್ತಿಯನ್ನು ತಡೆಯಲು 1895ರಲ್ಲಿ ಕಾನೂನು ಬಂತು. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಅಂಪೈರ್ ತೋರುಬೆರಳನ್ನು ಮೇಲೆತ್ತಿ ‘ಇನ್‌ಫೀಲ್ಡ್ ಫ್ಲೈ’ ಎಂದು ಕೂಗಿಬಿಟ್ಟರೆ ಬ್ಯಾಟರ್ ಅಲ್ಲೇ ಔಟ್, ಫೀಲ್ಡರ್ ಹಿಡಿಯಲಿ ಬಿಡಲಿ. ಓಟಗಾರರು ಮುಂದಿನ ಬೇಸಿಗೆ ಓಡಲೇಬೇಕಾದ ಬಲವಂತ ತಪ್ಪಿತು, ಕುಯುಕ್ತಿಯ ಬೇರೇ ಕತ್ತರಿಸಿತು. ಇಷ್ಟು ತೆಳುವಾದ ಚಾಕುವಿನಿಂದ ಇಷ್ಟು ದಪ್ಪನೆಯ ಮೋಸವನ್ನು ಕತ್ತರಿಸಿದ ಕಾನೂನು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. 1975ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯಲ್ಲಿ ವಿಲಿಯಂ ಸ್ಟೀವನ್ಸ್ ಎಂಬವರು ಇದರ ಮೂಲವನ್ನು ಇಂಗ್ಲೆಂಡಿನ ನ್ಯಾಯಪರಂಪರೆಯ ಜೊತೆ ಇಟ್ಟು ನೋಡಿದ ಪುಟ್ಟ ಲೇಖನ ಬರೆದರು, ವಕೀಲರು ಇಂದಿಗೂ ಅದನ್ನು ಚಪ್ಪರಿಸುತ್ತಾರೆ.

ಎಷ್ಟು ಚೆಂದದ ಕಾನೂನೋ ಅಷ್ಟು ತಪ್ಪು ಕಲ್ಪನೆ. ಕೂಗಿದ ಮೇಲೆ ಚೆಂಡು ಸತ್ತಿತು ಅನ್ನುತ್ತಾರೆ, ಇಲ್ಲ, ಬದುಕೇ ಇರುತ್ತದೆ. ಓಟಗಾರರು ಓಡಕೂಡದು ಅನ್ನುತ್ತಾರೆ, ಓಡಬಹುದು, ಅಪಾಯ ಅವರದೇ. ಎಲ್ಲಕ್ಕಿಂತ ದೊಡ್ಡದು, ಚೆಂಡು ಒಳ ಅಂಗಳದಲ್ಲೇ ಬೀಳಬೇಕು ಎಂಬುದು. 2012ರ ಅಕ್ಟೋಬರ್ 5ರಂದು ಅಟ್ಲಾಂಟದಲ್ಲಿ ಸೇಂಟ್ ಲೂಯಿಸ್ ಎದುರಿನ ನಾಕೌಟ್ ಪಂದ್ಯದಲ್ಲಿ ಚೆಂಡು ಎಡ ಹೊರಾಂಗಣದ ಹುಲ್ಲಿನೊಳಕ್ಕೆ ಸಾಕಷ್ಟು ದೂರ ಹೋಗಿ ಇಬ್ಬರು ಫೀಲ್ಡರುಗಳ ನಡುವೆ ಬಿತ್ತು. ಅಂಪೈರ್ ಸ್ಯಾಂ ಹೋಲ್‌ಬ್ರೂಕ್ ಕೈ ಆಗಲೇ ಮೇಲಿತ್ತು. ಸ್ಥಳೀಯ ಜನ ಸಿಕ್ಕಿದ್ದನ್ನೆಲ್ಲ ಅಂಗಳಕ್ಕೆ ಎಸೆದರು, 19 ನಿಮಿಷ ಆಟ ನಿಂತಿತು. ಕಾನೂನಿನಲ್ಲಿ ಜಾಗದ ಮಾತೇ ಇಲ್ಲ. ಒಳ ಅಂಗಳದ ಫೀಲ್ಡರ್ ‘ಸಾಮಾನ್ಯ ಪ್ರಯತ್ನ’ದಿಂದ ಹಿಡಿಯಬಹುದಾದ ಚೆಂಡೇ ಎಂಬುದಷ್ಟೇ ಪ್ರಶ್ನೆ. ಅದು ಸಾಮಾನ್ಯ ಪ್ರಯತ್ನವಾಗಿತ್ತೇ ಎಂದು ಕೇಳಿದರೆ ನಾನು ಸ್ವಲ್ಪ ತಲೆ ಕೆರೆದುಕೊಳ್ಳುತ್ತೇನೆ. ಆದರೆ ಅದು ಬೇರೆ ಪ್ರಶ್ನೆ, ಬಾಟಲಿ ಎಸೆದವರು ಕೇಳಿದ ಪ್ರಶ್ನೆ ಅದಲ್ಲ.

ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸುವುದರಲ್ಲೇ ಕಸುಬಿನ ಸೊಗಸೆಲ್ಲ ಇದೆ. ಬೇಸ್‌ಬಾಲಿನ ಪುಸ್ತಕ ಇದನ್ನು ಬಹಳ ಒಪ್ಪವಾಗಿ ಹೇಳಿದೆ. ಕಣ್ಣಿಗೆ ಕಂಡದ್ದರ ತೀರ್ಪು, ಅಂದರೆ ಸ್ಟ್ರೈಕೋ ಬಾಲೋ, ಸೇಫೋ ಔಟೋ ಎಂಬುದು ಅಂತಿಮ, ಅದರ ಮೇಲೆ ತಕರಾರಿಲ್ಲ. ಕಾನೂನನ್ನೇ ತಪ್ಪಾಗಿ ಅನ್ವಯಿಸಿದ್ದಾರೆಂಬ ಅನುಮಾನವಿದ್ದರೆ ಕೇಳಬಹುದು, ಆದರೆ ಕೇಳುವವನು ಮ್ಯಾನೇಜರ್ ಒಬ್ಬನೇ. ಬಲ್ಲ ಅಂಪೈರ್ ಮೊದಲು ಕಿವಿಗೊಡುವುದು ಬಂದ ದೂರು ಈ ಎರಡರಲ್ಲಿ ಯಾವ ಜಾತಿಯದು ಎಂಬುದಕ್ಕೆ. ಮೊದಲನೆಯದಾದರೆ ಒಂದು ಮುಗುಳ್ನಗೆ ಸಾಕು. ಎರಡನೆಯದಾದರೆ ನಿಂತು, ಕೇಳಿ, ಬೇಕಾದರೆ ಜೊತೆಯ ಅಂಪೈರನ್ನು ಕರೆದು ಗುಸುಗುಸು ಮಾತಾಡಿ ಬರುತ್ತಾರೆ.

‘ಸಮಸಮ ಆದರೆ ಓಟಗಾರನೇ ಸೇಫ್’ ಎಂಬ ಜನಪ್ರಿಯ ನಂಬಿಕೆಯನ್ನು ತೆಗೆದುಕೊಳ್ಳಿ. ಚೆಂಡೂ ಕಾಲೂ ಒಟ್ಟಿಗೇ ಬೇಸು ಮುಟ್ಟಿದರೆ ಏನು? ಒಂದು ಕಲಮು ಬ್ಯಾಟರ್ ಮೊದಲ ಬೇಸ್ ಮುಟ್ಟುವ ಮುನ್ನ ಚೆಂಡು ಬಂದರೆ ಔಟ್ ಅನ್ನುತ್ತದೆ. ಮುನ್ನ ಬಂದಿಲ್ಲ, ಹಾಗಾಗಿ ಸೇಫ್. ಇನ್ನೊಂದು ಕಲಮು ಔಟಾಗುವ ಮುನ್ನ ಬೇಸ್ ಮುಟ್ಟಿದರೆ ಮಾತ್ರ ಅದು ಓಟಗಾರನ ಹಕ್ಕು ಅನ್ನುತ್ತದೆ. ಮುನ್ನ ಮುಟ್ಟಿಲ್ಲ, ಹಾಗಾಗಿ? ತೆರೆದ ಬಾಗಿಲಿನ ಎರಡು ಕದಗಳ ಹಾಗೆ ಈ ಎರಡು ವಾಕ್ಯಗಳು ಒಂದಕ್ಕೊಂದು ಎದುರು ನಿಂತಿವೆ, ನಡುವೆ ಹಾಯಲು ಅಂಪೈರಿಗೆ ಮಾತ್ರ ದಾರಿ. ಅಲ್ಲಿಯ ಹಳಬರು ಇದನ್ನು ಬಿಡಿಸುವ ರೀತಿ ನೋಡಿ: ಸಮಸಮ ಎಂಬುದೇ ಇಲ್ಲ, ಒಂದು ಮೊದಲು ಬಂದೇ ಬಂದಿರುತ್ತದೆ, ನನ್ನ ಕಣ್ಣು ಬೇಸಿನ ಮೇಲೆ, ಕಿವಿ ಚೆಂಡು ಗ್ಲೌಸಿಗೆ ಬೀಳುವ ಸದ್ದಿನ ಮೇಲೆ. ಕಣ್ಣಿಂದ ಕಾಲನ್ನೂ ಕಿವಿಯಿಂದ ಚೆಂಡನ್ನೂ ಹಿಡಿಯುವ ಈ ಜುಗಲ್‌ಬಂದಿ ಕಲಿಯಲು ವರ್ಷಗಳು ಬೇಕು.

ನಮ್ಮ ಮುಂಬಯಿಗೂ ಇಂಥ ಒಂದು ಜಗತ್ಪ್ರಸಿದ್ಧ ತಪ್ಪು ಕಲ್ಪನೆಯ ಜೊತೆ ನಂಟಿದೆ. ವಾಂಖೆಡೆಯ ಒಂದು ಗೇಟಿಗೆ ವಿನೂ ಮಂಕಡ್ ಹೆಸರಿದೆ. 1947ರ ಡಿಸೆಂಬರಿನಲ್ಲಿ ಸಿಡ್ನಿ ಟೆಸ್ಟಿನಲ್ಲಿ, ಚೆಂಡು ಎಸೆಯುವ ಮುನ್ನವೇ ಕ್ರೀಸ್ ಬಿಟ್ಟ ಬಿಲ್ ಬ್ರೌನನ್ನು ಅವರು ರನೌಟ್ ಮಾಡಿದರು. ಬ್ರಾಡ್‌ಮನ್‌ರಂಥವರೇ ಮಂಕಡ್ ಮಾಡಿದ್ದು ಸರಿ ಎಂದರು. ಆದರೂ ‘ಮೊದಲು ಎಚ್ಚರಿಕೆ ಕೊಡಬೇಕು’ ಎಂಬ ಮಾತು ಮುಕ್ಕಾಲು ಶತಮಾನ ದಾಟಿ, ಮುಲುಂಡಿನ ಮೈದಾನದಲ್ಲಿ ಇವತ್ತಿಗೂ ಕೇಳಿಸುತ್ತದೆ. ಕಾನೂನಿನಲ್ಲಿ ಎಚ್ಚರಿಕೆಯ ಷರತ್ತಿಲ್ಲ. 2022ರ ಅಕ್ಟೋಬರಿನಲ್ಲಿ ಎಂ.ಸಿ.ಸಿ. ಇದನ್ನು ‘ಅನುಚಿತ ಆಟ’ದ 41ನೇ ಕಾನೂನಿನಿಂದ ಎತ್ತಿ ಸಾದಾ ‘ರನೌಟ್’ನ 38ಕ್ಕೆ ತಂದಿಟ್ಟಿತು. ಅಕ್ಷರ ಹೆಚ್ಚು ಬದಲಾಗಲಿಲ್ಲ, ಮನೆ ಬದಲಾಯಿತು. ಅಷ್ಟರಿಂದಲೇ ಒಬ್ಬ ಮನುಷ್ಯನ ಹೆಸರಿಗೆ ಹತ್ತಿದ್ದ ಮಸಿ ಒರೆಸಿದಂತಾಯಿತು.

ಅದೇ ವಾಂಖೆಡೆಯಲ್ಲಿ 1980ರ ಫೆಬ್ರವರಿಯಲ್ಲಿ ಆದದ್ದನ್ನು ಹೇಳದೆ ಹೇಗಿರಲಿ? ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಇಂಗ್ಲೆಂಡ್ ಎದುರಾಳಿ. ಖಗ್ರಾಸ ಸೂರ್ಯಗ್ರಹಣವೆಂದು ಮೊದಲ ದಿನದ ಮರುದಿನವೇ ವಿಶ್ರಾಂತಿ. ನಾಯಕ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5 ಆಗಿದ್ದಾಗ ಬಾಥಂ ಜೊತೆ ಬಾಬ್ ಟೇಲರ್ ನಿಂತು ಕುದುರಿಕೊಳ್ಳುತ್ತಿದ್ದರು. ಟೇಲರ್ ಮೇಲೆ ಕೀಪರ್ ಕ್ಯಾಚಿಗೆ ಅಪೀಲು, ಅಂಪೈರ್ ಎಸ್.ಎನ್. ಹನುಮಂತ ರಾವ್ ಔಟ್ ಕೊಟ್ಟರು. ಟೇಲರ್ ತಾಗಿಲ್ಲವೆಂಬಂತೆ ಕದಲದೆ ನಿಂತರು. ಮೊದಲ ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್ ಕಣ್ಣಿಗೂ ಹಾಗೇ ಕಂಡಿತ್ತು. ಅಂಪೈರ್ ಹತ್ತಿರ ನಡೆದರು, ಮಾತಾಡಿದರು, ತೀರ್ಪು ಹಿಂದಕ್ಕೆ ಹೋಯಿತು.

ವಿಶಿಯ ದೊಡ್ಡಗುಣವನ್ನು ಅಂದಿನಿಂದ ಹಾಡದವರಿಲ್ಲ, ನಾನೂ ಹಾಡುತ್ತೇನೆ. ಆದರೆ ಜನ ಆ ಕಥೆಯನ್ನು ‘ನಾಯಕ ಬ್ಯಾಟ್ಸ್‌ಮನ್ನನ್ನು ವಾಪಸು ಕರೆದ’ ಎಂದು ಹೇಳುವಾಗ ಅರ್ಧ ರುಚಿ ಸೋರಿಹೋಗುತ್ತದೆ. ನಾಯಕನಿಗೆ ಆ ಅಧಿಕಾರವಿಲ್ಲ. ಅವನು ಅಪೀಲನ್ನು ಹಿಂದೆಗೆದುಕೊಳ್ಳಬಹುದು, ಅದೂ ಅಂಪೈರ್ ಒಪ್ಪಿದರೆ. ತೀರ್ಪು ರದ್ದು ಮಾಡಿ ವಾಪಸು ಕರೆಯುವವರು ಅಂಪೈರೇ. ತುಂಬಿದ ಸ್ಟೇಡಿಯಮ್ಮಿನ ಎದುರು ಬೆರಳೆತ್ತಿದವರು, ನಾಯಕ ಬಂದು ಕೇಳಿದಾಗ ಬಿಗುಮಾನ ಮಾಡದೆ ‘ಆಗಲಿ’ ಎಂದರಲ್ಲ, ಆ ಹನುಮಂತ ರಾಯರ ‘ಆಗಲಿ’ಯನ್ನು ಒಂದು ಕ್ಷಣ ನಾಲಿಗೆಯ ಮೇಲೆ ಇಟ್ಟುಕೊಳ್ಳಿ. ವಿಶಿ ಬಿಟ್ಟುಕೊಟ್ಟದ್ದು ಒಂದು ವಿಕೆಟ್, ಇವರು ಬಿಟ್ಟುಕೊಟ್ಟದ್ದು ಕೊಟ್ಟ ಮಾತನ್ನು. ಟೇಲರ್ 43 ಹೊಡೆದರು, ಬಾಥಂ 114. ಇಬ್ಬರ ಜೊತೆಯಾಟ 171. ಭಾರತ 10 ವಿಕೆಟ್ಟಿನಿಂದ ಸೋತಿತು.

ದೂರಿನಿಂದ ಅಂಪೈರೇ ಕಲಿತ ಕಥೆಯೂ ಬೇಸ್‌ಬಾಲಿನಲ್ಲಿ ಇದೆ, 1908ರದು. ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗಿನಲ್ಲಿ ಗೆಲುವಿನ ರನ್ ಬಂದೊಡನೆ ಮೊದಲ ಬೇಸಿನ ಓಟಗಾರ ಎರಡನೇ ಬೇಸ್ ಮುಟ್ಟದೆಯೇ ಮನೆಗೆ ಹೊರಟ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಶಿಕಾಗೊದ ಜಾನಿ ಎವರ್ಸ್ ‘ಅವನು ಔಟ್, ರನ್ ಲೆಕ್ಕಕ್ಕಿಲ್ಲ’ ಎಂದು ಅಂಪೈರ್ ಹ್ಯಾಂಕ್ ಓಡೇಗೆ ದೂರಿದ. ತಾನು ಅತ್ತ ನೋಡಿರಲಿಲ್ಲವೆಂದು ಓಡೇ ದೂರನ್ನು ತಳ್ಳಿಹಾಕಿದರು. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. 19 ದಿನಗಳ ನಂತರ ನ್ಯೂಯಾರ್ಕಿನಲ್ಲಿ ಅದೇ ಸನ್ನಿವೇಶ, ಅದೇ ಎವರ್ಸ್, ಅದೇ ಓಡೇ. ನ್ಯೂಯಾರ್ಕ್ ಗೆದ್ದಿತೆಂದು ಜನ ಅಂಗಳಕ್ಕೆ ನುಗ್ಗಿದ್ದಾರೆ, 19 ವರ್ಷದ ಫ್ರೆಡ್ ಮರ್ಕಲ್ ಎರಡನೇ ಬೇಸ್ ಕಡೆ ಹೋಗದೆ ಕ್ಲಬ್‌ಹೌಸಿನ ಕಡೆ ತಿರುಗಿದ್ದಾನೆ. ಈ ಸಲ ಓಡೇ ಕಣ್ಣು ಅಲ್ಲೇ ನೆಟ್ಟಿತ್ತು. ಎವರ್ಸ್ ಎಲ್ಲಿಂದಲೋ ಒಂದು ಚೆಂಡು ಹಿಡಿದು ಬಂದು ಬೇಸ್ ಮುಟ್ಟಿದ. ಔಟ್. ರನ್ ಇಲ್ಲ. ಪಂದ್ಯ ಟೈ ಎಂದಾಗಿ ಅಕ್ಟೋಬರ್ 8ರಂದು ಮರಳಿ ಆಡಿದರು, ಶಿಕಾಗೊ ಗೆದ್ದಿತು. ರೂಢಿಯನ್ನೇ ಕಾನೂನೆಂದು ನಂಬಿದ್ದ ಇಡೀ ನ್ಯೂಯಾರ್ಕಿನ ಎದುರು ಒಬ್ಬ ಮನುಷ್ಯ ಪುಸ್ತಕದ ಪಕ್ಕದಲ್ಲಿ ನಿಂತ. ಮರ್ಕಲ್ ಪಾಪ, ಉಳಿದ ಆಯುಷ್ಯವೆಲ್ಲ ಆ ಹೆಸರು ಹೊತ್ತ.

ಎಲ್ಲಕ್ಕಿಂತ ಸೊಗಸಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅದು ಅಂಪೈರ್ ಏನೂ ಹೇಳದಿರುವ ಹೊತ್ತು. ಬೇಸ್‌ಬಾಲಿನಲ್ಲಿ ಓಡುವವನು ಬೇಸ್ ಮುಟ್ಟದೆ ಹಾದುಹೋದರೆ ಅಂಪೈರ್ ಕಂಡಿರುತ್ತಾರೆ, ಆದರೆ ಹುಬ್ಬು ಕೂಡ ಅಲುಗಿಸುವುದಿಲ್ಲ. ಎದುರು ತಂಡ ಕೇಳಬೇಕು, ಅದೂ ಮುಂದಿನ ಎಸೆತದ ಒಳಗೆ. ಕ್ರಿಕೆಟಿನ 31ನೇ ಕಾನೂನಿನದೂ ಅದೇ ಮಾತು: ಕಾನೂನಿನ ಪ್ರಕಾರ ಔಟಾಗಿದ್ದರೂ ಅಪೀಲು ಇಲ್ಲದೆ ಅಂಪೈರ್ ಔಟ್ ಕೊಡಕೂಡದು, ಬೌಲರ್ ಮುಂದಿನ ಎಸೆತಕ್ಕೆ ಓಟ ಶುರು ಮಾಡಿದನೋ, ಕಾಲ ಮೀರಿತು. ಎರಡು ಸಮುದ್ರಗಳಾಚೆ ಬೆಳೆದ ಎರಡು ಆಟಗಳು ಈ ಒಂದು ವಿಚಾರದಲ್ಲಿ ಒಬ್ಬರನ್ನೊಬ್ಬರು ಕೇಳಿ ಬರೆದ ಹಾಗಿವೆ.

ಆ ಹೊತ್ತಿನಲ್ಲಿ ಕಾಕಾ ಮುಖ ನೋಡಬೇಕು. ಮೊನ್ನೆ ಒಂದು ಪಂದ್ಯದಲ್ಲಿ ಅಂಚಿಗೆ ತಾಗಿ ಹೋದ ಚೆಂಡಿನ ಸಣ್ಣ ಸದ್ದು ಗೆರೆಯಾಚೆ ಕೂತ ನನಗೂ ಕೇಳಿಸಿತು. ಕೀಪರ್ ಹಿಡಿದ. ಫೀಲ್ಡಿನಲ್ಲಿ ಯಾರೂ ಉಸಿರೆತ್ತಲಿಲ್ಲ, ಅವರೆಲ್ಲ ಹಿಂದಿನ ಓವರಿನ ವೈಡ್ ಬಗ್ಗೆ ವಾದ ಮಾಡುತ್ತಿದ್ದರು! ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎಲ್ಲವನ್ನೂ ಕಂಡು, ಏನನ್ನೂ ಕಾಣದವರ ಹಾಗೆ, ಗುಡ್ಡದ ಕಡೆ ನೋಡುತ್ತಾ ನಿಂತಿದ್ದರು. ಬೌಲರ್ ತಿರುಗಿ ಹೋದ, ಓಟ ಶುರು ಮಾಡಿದ. ಮುಗಿಯಿತು. ಪಂದ್ಯದ ಮೇಲೆ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಕೇಳಿದೆ, ತಾಗಿತ್ತಲ್ಲವೇ ಎಂದು. ಬಟ್ಟಲಿಂದ ಕಣ್ಣೆತ್ತದೆ ಹೇಳಿದರು: “ಯಾರೂ ಕೇಳ್ಲಿಲ್ಲಲ್ರೀ. ಕೇಳಿದ್ರ ಹೇಳ್ತಿದ್ದೆ.”

ಇದೇ 31ರಲ್ಲಿ ಇನ್ನೊಂದು ಕಲಮಿದೆ. ಔಟಾಗದಿದ್ದರೂ ಔಟಾದೆನೆಂದು ತಪ್ಪು ತಿಳಿದು ಬ್ಯಾಟರ್ ಹೊರಟುಬಿಟ್ಟರೆ, ಅಂಪೈರ್ ಸುಮ್ಮನಿರುವಂತಿಲ್ಲ. ನಡುವೆ ಬಂದು, ಚೆಂಡು ಸತ್ತಿತೆಂದು ಸಾರಿ, ಅವನನ್ನು ವಾಪಸು ಕರೆಯಬೇಕು. ಕೇಳದವರಿಗೆ ಔಟ್ ಇಲ್ಲ, ತಿಳಿಯದೆ ಹೊರಟವನಿಗೆ ಮಾತ್ರ ಕರೆ ಇದೆ.

ಎಂ.ಸಿ.ಸಿ.ಯ ಕಾನೂನು ಪುಸ್ತಕವೂ ಮೇಜರ್ ಲೀಗ್ ಬೇಸ್‌ಬಾಲಿನ ನಿಯಮ ಪುಸ್ತಕವೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಮುಂದಿನ ಭಾನುವಾರ ಮೈದಾನಕ್ಕೆ ಹೋಗುವ ಮೊದಲು ತೆರೆದು ನೋಡಿ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ 31ನೆಯದೊಂದನ್ನು ಓದಿ.